ಹದಿನೈದು ವ್ಯಾಟಿನ ಕತ್ತಲೆ

ಮಾರ್ಚ್ 1, 2023, ಬುಧವಾರ

ಫ್ರಿಜ್ಜಿನೊಳಗಿನ ದೀಪ ಹೋಗಿದೆ. ತಿಳಿದದ್ದು ಬೆಳಿಗ್ಗೆ ಏಳೂಕಾಲಿಗೆ. ಮೊಸರಿಗೆ ಎರಡು ಚಮಚ ಪ್ಲಮ್ ಜಾಮು ಕಲಸಿ ಬಾಯಿಗಿಟ್ಟರೆ ಅದು ಲ್ಯುತೆನಿತ್ಸಾ. ಕೆಂಪು ಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ ಹಾಕಿ ಕುದಿಸಿದ ಆ ಪದಾರ್ಥ ಬ್ರೆಡ್ಡಿನ ಮೇಲೆ ಬಹಳ ಚೆನ್ನ. ಮೊಸರಿನಲ್ಲಿ ಹೇಗಿರುತ್ತದೆ ಎಂಬುದು ದೇಶದಲ್ಲಿ ಬಹುಶಃ ನನಗೊಬ್ಬನಿಗೇ ಗೊತ್ತು.

ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಚೀಟಿ ಓದಿದೆ. ರುಮ್ಯಾನಾಳ ಕೈಬರಹ: "ಲ್ಯುತಿನಿತ್ಸಾ, ಸೆಪ್ಟೆಂಬರ್." 'ತೆ' ಇರಬೇಕಾದಲ್ಲಿ 'ತಿ'. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಅವಳು ಹಾಗೇ ಬರೆಯುತ್ತಾಳೆ, ನಾನು ತಿದ್ದುತ್ತೇನೆ. ಜಿಲ್ಲಾ ದಿನಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತನಾದವನ ಕೈ ಸುಮ್ಮನಿರುವುದಿಲ್ಲ. ಕೆಂಪು ಪೆನ್ನು ತಂದು ಸರಿಮಾಡಿದೆ. ದೀಪವಂತೂ ಇಲ್ಲ, ಕಾಗುಣಿತವಾದರೂ ಇರಲಿ.

ಗಾಬ್ರೊವೊದವರು ಜಿಪುಣರೆಂದು ಬಲ್ಗೇರಿಯವೆಲ್ಲ ಜೋಕು ಹೇಳಿ ನಗುತ್ತದೆ. ಒಂದು ದೀಪ ತಾನಾಗಿಯೇ ಆರಿದರೆ ನಮ್ಮೂರಲ್ಲಿ ಅದನ್ನು ಕೆಟ್ಟಿತು ಎನ್ನುವುದಿಲ್ಲ, ಬುದ್ಧಿ ಬಂತು ಎನ್ನುತ್ತೇವೆ. ಹಾಗೇ ಬಿಟ್ಟುಬಿಡಬಹುದಿತ್ತು. ಆದರೆ ಈಸ್ಟರಿಗೆ ರುಮ್ಯಾನಾ ಬರುತ್ತಾಳೆ. ಅಕ್ಟೋಬರಿನಲ್ಲಿ ಇಟಲಿಯ ಬೊಲೋನ್ಯಾಕ್ಕೆ ಹೋದಳು, ಸಿನ್ಯೋರಾ ಎರ್ಮೀನಿಯಾ ಎಂಬ ತೊಂಬತ್ತರ ಅಜ್ಜಿಯನ್ನು ನೋಡಿಕೊಳ್ಳಲು, ಆರು ತಿಂಗಳಿಗೆ. ಹೊರಡುವ ದಿನ ಬಾಗಿಲಲ್ಲಿ ನಿಂತು ಹೇಳಿದಳು: "ಅಲ್ಲಾದ್ರೆ ಊಟ ಆಯ್ತಾ ಅಂತ ಕೇಳೋಕೆ ಒಂದು ಜೀವ ಇರುತ್ತೆ." ನಾನು ಪತ್ರಿಕೆ ಓದುತ್ತಿದ್ದೆ. ಮೂರನೇ ಪುಟದಲ್ಲೇ ಏಳು ತಪ್ಪಿದ್ದವು.

ಇವತ್ತಿನ ಟಪಾಲಿನಲ್ಲಿ ಅವಳ ಲಕೋಟೆ ಬಂತು. ಮಾರ್ಚ್ ಒಂದರಂದು ಕೈಗೆ ಕಟ್ಟಿ, ವಸಂತದ ಮೊದಲ ಕೊಕ್ಕರೆ ಕಂಡಾಗ ಬಿಚ್ಚುವ ಕೆಂಪು-ಬಿಳಿ ದಾರ. ಒಂದೇ ಕೈಯಲ್ಲಿ ಗಂಟು ಹಾಕಲು ಆಗುವುದಿಲ್ಲ. ಹಲ್ಲಿನಿಂದ ಎಳೆದು ಕಟ್ಟಿಕೊಂಡೆ.

ಮಾರ್ಚ್ 4, ಶನಿವಾರ

ಪ್ಲಗ್ಗು ಕಿತ್ತು, ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬಲ್ಬು ಬಿಚ್ಚಿದೆ. ಹದಿನೈದು ವ್ಯಾಟ್. ಹೆಬ್ಬೆರಳಿನಷ್ಟು ದಪ್ಪ. ಇಷ್ಟು ಚಿಕ್ಕದಕ್ಕೆ ಇಷ್ಟು ಜಂಬ.

ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೂತಿದ್ದ ಹೆಂಗಸು ಬಲ್ಬನ್ನು ನೋಡಲೇ ಇಲ್ಲ.

"ಯಾವ ಫ್ರಿಜ್ಜು?"

"ಬಿಳೀದು."

"ಎಷ್ಟು ವರ್ಷದ್ದು?"

"ಇಪ್ಪತ್ತೆರಡು."

"ಅಯ್ಯೋ, ಅದಕ್ಕೆ ಬಲ್ಬ್ ಯಾಕೆ ಸ್ವಾಮಿ, ಮೇಣದ ಬತ್ತಿ ಹಚ್ಚಿ ಕೈ ಮುಗೀರಿ!" ಎಂದಳು. ಕೊನೆಗೆ ಕೊಟ್ಟಳು.

ಹೊಸ ಬಲ್ಬು ಹಾಕಿದೆ. ಪ್ಲಗ್ಗು ಚುಚ್ಚಿದೆ. ಕತ್ತಲೆ. ಆಮೇಲೆ ಹಳೆಯ ಬಲ್ಬನ್ನು ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರಕ್ಕೆ ತಿರುಗಿಸಿ ನೋಡಿದೆ. ಝಗ್ಗನೆ ಉರಿಯಿತು. ಅಂದರೆ ಅದು ಕೆಟ್ಟೇ ಇರಲಿಲ್ಲ. ಮೊದಲು ಪರೀಕ್ಷಿಸಿ ಆಮೇಲೆ ಅಂಗಡಿಗೆ ಹೋಗಬೇಕಿತ್ತು. ಈಗ ಮನೆಯಲ್ಲಿ ಎರಡು ಒಳ್ಳೆಯ ಬಲ್ಬುಗಳಿವೆ, ಫ್ರಿಜ್ಜಿನಲ್ಲಿ ಬೆಳಕಿಲ್ಲ.

ಮಾರ್ಚ್ 6, ಸೋಮವಾರ

ರುಮ್ಯಾನಾ ಫೋನಿನ ಪರದೆಯಲ್ಲಿ ಕಾಣಿಸಿಕೊಂಡಳು. ಕೂದಲು ಗಿಡ್ಡ ಮಾಡಿಸಿದ್ದಾಳೆ. ನಾನು ಏನೂ ಹೇಳಲಿಲ್ಲ. ಅವಳೇ ಹೇಳಲಿ ಎಂದಿದ್ದೆ. ಅವಳೂ ಹೇಳಲಿಲ್ಲ.

ಕೆಳಗಿನ ಮಹಡಿಗೆ ನಮ್ಮ ದೇಶದ ಇನ್ನೊಬ್ಬ ಹೆಂಗಸು ಕೆಲಸಕ್ಕೆ ಬಂದಿದ್ದಾಳಂತೆ. "ಪಾಪ ಕಣೋ, ಕಾಫಿ ಬೇಕಾ ಅಂತ ಕೇಳಿದ್ರೆ ನಮ್ಮ ಥರ ತಲೆ ಆಡಿಸ್ತಾಳೆ, ಅವರು ಕಪ್ಪು ಎತ್ತಿಟ್ಟುಬಿಡ್ತಾರೆ. ಎಂಟು ದಿನದಿಂದ ಕಾಫೀನೇ ಕಂಡಿಲ್ಲ." ನಮ್ಮಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಇಟಲಿಯವರದು ತಿರುಗುಮುರುಗು. ಮಿಕ್ಕ ಜಗತ್ತಿನದೂ ಹಾಗೇ ಎನ್ನುತ್ತಾರೆ. ಅದು ಜಗತ್ತಿನ ತೊಂದರೆ. "ನಾನೂ ಮೊದಲ ತಿಂಗಳು ಹಾಗೇ ಒದ್ದಾಡಿದ್ದೆ," ಎಂದಳು. "ಈಗ ನನ್ನ ತಲೆ ಪೂರ್ತಿ ಬೊಲೋನ್ಯಾದ್ದು. ಕನಸಲ್ಲೂ ಅವರ ಥರಾನೇ ಆಡುತ್ತೆ."

ಫ್ರಿಜ್ಜಿನ ವಿಷಯ ಹೇಳಿದೆ.

"ಮೆಥೋದಿನ ಕರಿ. ಎದುರು ಮನೆ. ಮೂರು ಹೆಜ್ಜೆ."

"ಕತ್ತಲಲ್ಲೇ ತಿಂತೀನಿ."

"ತಿನ್ನು. ನಿನ್ನ ಗತ್ತಿಗೆ ಉಪ್ಪು ಹಾಕ್ಕೊಂಡು ತಿನ್ನು," ಎಂದಳು. ಆಮೇಲೆ, ಅದೇ ಉಸಿರಿನಲ್ಲಿ, ಸಿನ್ಯೋರಾಳ ಮಗ ಇನ್ನೆರಡು ವರ್ಷ ಇರಿ ಎಂದು ಕೇಳಿದ್ದಾನೆ ಎಂದೂ ಹೇಳಿದಳು. "ಯೋಚನೆ ಮಾಡ್ತಿದ್ದೀನಿ."

ಮೆಥೋದಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಆರು ವರ್ಷದ ಹಿಂದೆ ಕಟ್ಟಡದ ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದ, ಮೆಟ್ಟಿಲ ಬಳಿ ಸೈಕಲ್ ನಿಲ್ಲಿಸಬಾರದೆಂದು. ಅದರಲ್ಲಿ ನಾಲ್ಕು ತಪ್ಪುಗಳಿದ್ದವು. ನಾನು ಕೆಂಪು ಪೆನ್ನಿನಲ್ಲಿ ತಿದ್ದಿದೆ. ಅಷ್ಟೇ. ಅಲ್ಲಿಯವರೆಗೆ 'ನೀನು' ಎನ್ನುತ್ತಿದ್ದವನು ಅವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕರೆ ನನ್ನನ್ನು 'ನೀವು' ಎನ್ನುತ್ತಾನೆ. ಸಹಾಯ ಮಾಡಿದವರಿಗೆ ಈ ಊರು ಕೊಡುವ ಮರ್ಯಾದೆ ಇದು.

ಇನ್ನೆರಡು ವರ್ಷ.

ಮಾರ್ಚ್ 9, ಗುರುವಾರ

ಎರಡನೇ ಅನುಮಾನ ಬಾಗಿಲ ಗುಂಡಿಯ ಮೇಲೆ. ಬಾಗಿಲು ಮುಚ್ಚಿದಾಗ ಅದು ಒಳಗೆ ಒತ್ತಿಕೊಂಡು ದೀಪ ಆರುತ್ತದೆ, ತೆರೆದಾಗ ಹೊರಗೆ ಬಂದು ಉರಿಯುತ್ತದೆ. ಅಂಟಿಕೊಂಡಿರಬಹುದೆಂದು ಐವತ್ತು ಸಲ ಒತ್ತಿದೆ. ಪ್ರತಿ ಸಲವೂ ಟಿಕ್ ಎಂದು ಹೊರಗೆ ಬಂತು. ಬಿಸಿ ನೀರಿನ ಬಟ್ಟೆಯಿಂದ ಸುತ್ತ ಒರೆಸಿದೆ, ಇಪ್ಪತ್ತೆರಡು ವರ್ಷದ ಜಿಡ್ಡು ಬಂತು. ಬೆಳಕು ಬರಲಿಲ್ಲ.

ಮಾರ್ಚ್ 11, ಶನಿವಾರ

ಒಂದು ವೇಳೆ ಗುಂಡಿ ಉಲ್ಟಾ ಕೆಲಸ ಮಾಡುತ್ತಿದ್ದು, ಬಾಗಿಲು ಮುಚ್ಚಿದಾಗ ದೀಪ ಉರಿಯುತ್ತಿದ್ದರೆ? ಫೋನಿನಲ್ಲಿ ವೀಡಿಯೊ ಹಾಕಿ, ಚೀಸಿನ ಡಬ್ಬಿಗೆ ಒರಗಿಸಿ, ಬಾಗಿಲು ಮುಚ್ಚಿ ಎರಡು ನಿಮಿಷ ಕಾದೆ. ಆಮೇಲೆ ಕೂತು ನೋಡಿದೆ. ಎರಡು ನಿಮಿಷ ಬರೀ ಕಪ್ಪು ಮತ್ತು ಮೋಟರಿನ ಗುರ್ರ್. ಕೊನೆಗೆ ಬಾಗಿಲು ತೆರೆದು ಒಬ್ಬ ಗಡ್ಡ ಬೋಳಿಸದ ಮುದುಕ ಇಣುಕುತ್ತಾನೆ, ಏನೋ ಕಳೆದುಕೊಂಡವನ ಹಾಗೆ.

ಅಳಿಸಿದೆ. ಗಡ್ಡ ಬೋಳಿಸಿದೆ.

ಮಾರ್ಚ್ 15, ಬುಧವಾರ

ರಿಪೇರಿಯವನನ್ನು ಕರೆಸಿದೆ. ನಮ್ಮ ದೇಶದ ಯಾವ ಮೇಸ್ತ್ರಿಯೂ ಮನೆಗೆ ಬಂದು ನಮಸ್ಕಾರ ಹೇಳುವುದಿಲ್ಲ. "ಇದನ್ನ ಯಾರು ಮಾಡಿದ್ದು ನಿಮಗೆ?" ಎಂದು ಕೇಳುತ್ತಾನೆ, ತಲೆಗೆ ಕೈ ಹಚ್ಚಿಕೊಂಡು. ಕೊಳಾಯಿಯವನು, ಹೆಂಚಿನವನು, ಹಲ್ಲಿನ ಡಾಕ್ಟರು, ಎಲ್ಲರದೂ ಇದೇ ಮೊದಲ ವಾಕ್ಯ. ಇವನು ಬಲ್ಬನ್ನು ನೋಡಿ ಕೇಳಿದ.

"ಇದನ್ನ ಯಾರು ಹಾಕಿದ್ದು ನಿಮಗೆ?"

"ಬಲ್ಬನ್ನಾ? ನಾನೇ."

"ಛೆ, ಛೆ, ಛೆ," ಎಂದ. ಮುಂದೆ ಏನನ್ನೂ ಬಿಚ್ಚಲಿಲ್ಲ. ತಂತಿ ಫ್ರಿಜ್ಜಿನ ಗೋಡೆಯೊಳಗೆ ತುಂಬಿದ ಫೋಮಿನಲ್ಲಿ ತುಂಡಾಗಿರಬೇಕು, ಅಲ್ಲಿಗೆ ದೇವರ ಕೈಯೂ ಹೋಗುವುದಿಲ್ಲ, ಎಸೆದುಬಿಡಿ ಎಂದ.

"ತಣ್ಣಗೆ ಮಾಡ್ತಿದೆಯಲ್ಲಪ್ಪ?"

"ತಣ್ಣಗೆ ಮಾಡುತ್ತೆ. ಆದ್ರೆ ಯಾರಿಗೆ ಅಂತ ಅದಕ್ಕೂ ಕಾಣಲ್ಲ, ನಿಮಗೂ ಕಾಣಲ್ಲ."

ದಾರ್ಶನಿಕನನ್ನು ಬಾಗಿಲವರೆಗೆ ಕಳಿಸಿಕೊಟ್ಟೆ. ಎದುರು ಮನೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಮುಚ್ಚಿಕೊಂಡಿತು.

ಮಾರ್ಚ್ 20, ಸೋಮವಾರ

ಅಣಬೆ ಹುಡುಕಲು ಹೋಗುವಾಗ ಹಣೆಗೆ ಕಟ್ಟುವ ಟಾರ್ಚು ಅಟ್ಟದಲ್ಲಿತ್ತು. ಈಗ ಅದನ್ನು ಕಟ್ಟಿಕೊಂಡೇ ಫ್ರಿಜ್ಜು ತೆರೆಯುತ್ತೇನೆ. ಗಣಿ ಕಾರ್ಮಿಕನಿಗೂ ನನಗೂ ಇರುವ ವ್ಯತ್ಯಾಸವೆಂದರೆ ಅವನಿಗೆ ಒಂದು ಸಂಘವಿದೆ.

ಹೀಗೆ ನೋಡುವಾಗ ತಿಳಿಯಿತು, ಹಿಂದಿನ ಸಾಲಿನಲ್ಲಿ ಹದಿನಾರು ಜಾಡಿಗಳಿವೆ. ಎಲ್ಲಕ್ಕೂ ಚೀಟಿ. ಒಂದರ ಮೇಲೆ: "ಬೀನ್ಸಿಗೆ ಒಗ್ಗರಣೆ. ಡೋಬ್ರಿ ಮಾಡ್ಕೋತಾನೆ, ಮಾಡ್ಕೊಂಡ್ರೆ." ಡೋಬ್ರಿ ಎಂದರೆ ನಾನು. ಅಕ್ಟೋಬರಿನಿಂದ ಅಲ್ಲಿ ಕಾದು ಕೂತಿದೆ. ದೀಪ ಉರಿಯುತ್ತಿದ್ದಾಗ ಒಂದು ದಿನವೂ ಕಂಡಿರಲಿಲ್ಲ. ಬೀನ್ಸ್ ಬೇಯಿಸಿದೆ. ಮೊದಲ ಸಲ ಹೊತ್ತಿತು, ಎರಡನೇ ಸಲ ಬೆಂದಿತು. ಮಿಕ್ಕ ಒಗ್ಗರಣೆ ಚಿಕ್ಕ ಜಾಡಿಗೆ ಹಾಕಿ ನಾನೇ ಚೀಟಿ ಅಂಟಿಸಿದೆ.

ಫೋನಿನಲ್ಲಿ ಅವಳನ್ನು ಕೇಳಿದೆ, "ನಿಂದು ಊಟ ಆಯ್ತಾ?"

"ಯಾಕೆ, ಜ್ವರ ಬಂದಿದೆಯಾ ನಿಂಗೆ?" ಎಂದಳು.

ಬೀನ್ಸಿನ ಬಗ್ಗೆ ಹೋಲಿಕೆಗಾಗಿ ಕೇಳಿದ್ದು. ಬೇರೇನಿಲ್ಲ.

ಮಾರ್ಚ್ 26, ಭಾನುವಾರ

ಇವತ್ತು ಪರದೆಯ ಮೇಲೆ ಅವಳಿದ್ದಳು, ಧ್ವನಿ ಇರಲಿಲ್ಲ. ನನ್ನದೂ ಅತ್ತ ಹೋಗುತ್ತಿರಲಿಲ್ಲ. ಇಬ್ಬರೂ ಮೀನಿನ ಹಾಗೆ ಬಾಯಿ ಆಡಿಸಿದೆವು. ಒಂದು ವಾರದಿಂದ ಕೇಳಬೇಕೆಂದಿದ್ದ ಪ್ರಶ್ನೆ ಒಂದಿತ್ತು. ಇಂಥದ್ದನ್ನು ಬಾಯಲ್ಲಿ ಕೇಳುವುದಕ್ಕಿಂತ ಬರೆದು ಕೇಳುವುದೇ ನನಗೆ ಸಲೀಸು. ದೊಡ್ಡ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಹಿಡಿದೆ: "ಈಸ್ಟರ್ ಆದ ಮೇಲೆ ವಾಪಸ್ ಹೋಗುತ್ತೀಯಾ?" ಪ್ರಶ್ನಾರ್ಥಕ ಚಿಹ್ನೆ ಸಮೇತ.

ಕಣ್ಣು ಕಿರಿದು ಮಾಡಿ ಓದಿದಳು. ನಕ್ಕಳು. ತಲೆಯನ್ನು ಅಡ್ಡಡ್ಡ ಆಡಿಸಿದಳು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅನುಮಾನಕ್ಕೆ ಎಡೆಯೇ ಇಲ್ಲದಂತೆ. ಆಮೇಲೆ ಚಿತ್ರವೂ ಹೋಯಿತು.

ಹೌದು. ಹೋಗುತ್ತಾಳೆ.

ಲಿಖಿತ ಪ್ರಶ್ನೆ, ಸ್ಪಷ್ಟ ಉತ್ತರ. ನಮ್ಮ ಪತ್ರಿಕೆಯಲ್ಲಿ ಇಷ್ಟು ದೋಷರಹಿತವಾದ ಸಂದರ್ಶನ ಒಂದೂ ಅಚ್ಚಾಗಿಲ್ಲ. ನಗುತ್ತಾ ಹೇಳಿದಳೆಂಬುದನ್ನೂ ದಾಖಲಿಸುತ್ತೇನೆ.

ಮಾರ್ಚ್ 27, ಸೋಮವಾರ

ಬಲ್ಬು ಬಿಚ್ಚಿ ಮೇಜಿನ ಖಾನೆಯಲ್ಲಿಟ್ಟೆ. ಹಣೆಯ ಟಾರ್ಚನ್ನೂ.

ಏಪ್ರಿಲ್ 3, ಸೋಮವಾರ

ಫೋನು ಬಂತು, ಧ್ವನಿ ಸಮೇತ. ಹದಿಮೂರರಂದು ಬಸ್ಸಿಗೆ ಬರುತ್ತಾಳೆ.

"ಅವತ್ತು ನಾನು ಹೇಳಿದ್ದು ಗೊತ್ತಾಯ್ತು ತಾನೇ?"

"ಗೊತ್ತಾಯ್ತು."

"ಮತ್ತೆ? ಏನೂ ಅನ್ನಿಸ್ಲಿಲ್ವಾ?"

"ನಿನ್ನ ನಿರ್ಧಾರ. ನಾನೇನು ಹೇಳ್ಲಿ."

"ಸ್ವಲ್ಪ ಖುಷಿ ಆಗ್ತೀಯ ಅಂದ್ಕೊಂಡಿದ್ದೆ."

"ನೀನು ಖುಷಿಯಾಗಿದ್ರೆ ಸಾಕು."

"ಸರಿ ಹಾಗಾದ್ರೆ," ಎಂದಳು. ಇಟ್ಟಳು.

ನನಗೆ ಖುಷಿ ಆಗಬೇಕಂತೆ! ಇನ್ನೆರಡು ವರ್ಷ ಬೇರೆಯವರ ಅಜ್ಜಿಗೆ ಸೂಪು ಕುಡಿಸಲು ಹೋಗುವವಳನ್ನು ನಾನು ಬ್ಯಾಂಡು ಬಾರಿಸಿ ಕಳಿಸಬೇಕು. ಒಂದೇ ಪ್ರತಿಯನ್ನು ಎರಡು ಸಲ ಓದಬೇಕೆಂದು ಹೊಸಬರಿಗೆ ನಾನೇ ಕಲಿಸುತ್ತಿದ್ದೆ. ಇದನ್ನು ಎರಡನೇ ಸಲ ಓದುವ ಅಗತ್ಯ ಕಾಣಲಿಲ್ಲ.

ಇವತ್ತು ಊಟಕ್ಕೆ ಡಬ್ಬಿಯ ಮೀನು. ಅದು ಫ್ರಿಜ್ಜಿನ ಹೊರಗೇ ಇರುತ್ತದೆ.

ಏಪ್ರಿಲ್ 6, ಗುರುವಾರ

ಯೋಚಿಸಿ ನೋಡಿದೆ. ಹತ್ತು ದಿನ ಇರುತ್ತಾಳೋ ಎರಡು ದಿನವೋ, ಫ್ರಿಜ್ಜು ಕತ್ತಲಾಗಿದ್ದರೆ "ನಾನಿಲ್ಲದೆ ಒಂದು ಬಲ್ಬೂ ಉರಿಯಲ್ಲ ನಿಂಗೆ" ಎನ್ನುವುದು ಖಂಡಿತ. ಆ ಸುಖ ಅವಳಿಗೆ ಸಿಗಕೂಡದು. ದೀಪ ಉರಿಯಬೇಕು. ಇದು ಅವಳಿಗಾಗಿ ಅಲ್ಲ, ತತ್ವಕ್ಕಾಗಿ.

ಕಟ್ಟಡದ ಬಾಗಿಲಿಗೆ ನೋಟೀಸು ಅಂಟಿಸಿದೆ: ಫ್ರಿಜ್ಜಿನ ಒಳದೀಪ ರಿಪೇರಿ ಬಲ್ಲವರು ದಯವಿಟ್ಟು ಹದಿನಾಲ್ಕನೇ ಮನೆಗೆ ತಿಳಿಸುವುದು. ಯಾರ ಹೆಸರನ್ನೂ ಬರೆಯಲಿಲ್ಲ. ಈ ಕಟ್ಟಡದಲ್ಲಿ ಅದನ್ನು ಬಲ್ಲವನು ಒಬ್ಬನೇ ಎಂಬುದು ಕಾಕತಾಳೀಯ.

ಏಪ್ರಿಲ್ 7, ಶುಕ್ರವಾರ

ಬೆಳಿಗ್ಗೆ ಬ್ರೆಡ್ಡಿಗೆ ಇಳಿದಾಗ ನೋಟೀಸಿನ ಮುಂದೆ ನಿಂತುಬಿಟ್ಟೆ. 'ರಿಪೇರಿ' ಎಂಬಲ್ಲಿ ನಾನು 'ರಿಪೇ' ಎಂದು ಬರೆದಿದ್ದೆ. ಒಂದು ಅಕ್ಷರ ನುಂಗಿಹೋಗಿತ್ತು. ನಾನು! ಅದರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಸೊನ್ನೆ. ಕೆಳಗೆ ಅದೇ ಕೆಂಪಿನಲ್ಲಿ: "ನನ್ನವು ನಾಲ್ಕು. ನಿಮ್ಮದು ಒಂದು. ಇನ್ನು ಮೂರು ಬಾಕಿ."

ಬಹಳ ಹೊತ್ತು ನಿಂತಿದ್ದೆ. 'ಬಾಕಿ'ಯ ಕಾಗುಣಿತ ಸರಿಯಾಗಿತ್ತು.

ಮೇಲೆ ಬಂದು ಎದುರು ಮನೆಯ ಬಾಗಿಲು ತಟ್ಟಿದೆ. ಮೆಥೋದಿ ಎಷ್ಟು ಬೇಗ ತೆರೆದನೆಂದರೆ ಹಿಂದೆಯೇ ನಿಂತಿದ್ದಿರಬೇಕು.

"ಹೇಳಿ," ಎಂದ.

"ಫ್ರಿಜ್ಜು," ಎಂದೆ.

"ನಾಳೆ ಬರ್ತೀನಿ. ಇವತ್ತು ನನಗೆ ಕೆಲಸ ಇದೆ." ಅವನಿಗೆ ಯಾವ ಕೆಲಸವೂ ಇಲ್ಲ. ಆದರೆ ಆರು ವರ್ಷ ಕಾದವನಿಗೆ ಒಂದು ದಿನದ ಬಿಗುಮಾನ ಸಲ್ಲಬೇಕಾದದ್ದೇ.

ಏಪ್ರಿಲ್ 8, ಶನಿವಾರ

ಬಂದ. ಪ್ಲಗ್ಗು ಕಿತ್ತಿದ್ದೇನೆಯೇ ಎಂದು ತಾನೇ ಬಗ್ಗಿ ನೋಡಿದ. ಮೀಟರಿನ ಎರಡು ಕಡ್ಡಿಗಳನ್ನು ಬಾಗಿಲ ಗುಂಡಿಗೆ ಹಚ್ಚಿದ, ಅದು ಸರಿಯಿದೆ. ಆಮೇಲೆ ನಾನು ಮುಟ್ಟಲು ಹೆದರಿದ್ದ ಡಬ್ಬಿಗೆ ಕೈ ಹಾಕಿದ. ತಂಪು ಹೆಚ್ಚು ಕಡಿಮೆ ಮಾಡುವ ಬಿರಡೆಯೂ ಬಲ್ಬೂ ಇರುವುದು ಅದರಲ್ಲೇ. ಎರಡು ತಿರುಪು ಬಿಚ್ಚಿ ಇಳಿಸಿದ.

"ಯಾವ ತಂತಿ ಎಲ್ಲಿಂದ ಅಂತ ಗುರುತಿಡಬೇಕು. ದಾರ ಇದೆಯಾ?"

ಇರಲಿಲ್ಲ. ನನ್ನ ಮಣಿಕಟ್ಟು ನೋಡಿದ.

"ಕೊಕ್ಕರೆ ಕಾಣೋವರೆಗೆ ಇದನ್ನ ಬಿಚ್ಚಬಾರದು," ಎಂದೆ.

"ನನ್ನ ಮೂಗು ನೋಡ್ಕೊಳ್ಳಿ. ಕೊಕ್ಕರೆ ಬಂತು ಅಂತ ತಿಳ್ಕೊಳ್ಳಿ," ಎಂದು ಕತ್ತರಿಸಿಯೇಬಿಟ್ಟ. ಕೆಂಪು ಎಳೆ ಒಂದು ತಂತಿಗೆ, ಬಿಳಿ ಎಳೆ ಇನ್ನೊಂದಕ್ಕೆ.

ಡಬ್ಬಿಯ ಒಳಗೆ, ಬಲ್ಬಿನ ಹಿಂದೆ, ಎರಡು ತಂತಿಗಳನ್ನು ಬರೀ ಕೈಯಲ್ಲಿ ಹೊಸೆದು, ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯಿಂದ ಸುತ್ತಿಟ್ಟಿತ್ತು. ಬಿಡಿಸಿದ. ಒಳಗೆಲ್ಲ ಹಸಿರು ಮತ್ತು ಬೂದಿ. ತಂತಿಯ ತುದಿ ಪುಡಿಯಾಗಿ ಅವನ ಬೆರಳಿಗೆ ಬಂತು.

ಮೆಥೋದಿ ತಲೆಗೆ ಕೈ ಹಚ್ಚಿಕೊಂಡ. "ಇದನ್ನ ಯಾರು ಮಾಡಿದ್ದು ನಿಮಗೆ? ತಾಮ್ರಕ್ಕೆ ಅಲ್ಯೂಮಿನಿಯಂ ಹೊಸೆದಿದ್ದಾನಲ್ಲ! ತೇವದಲ್ಲಿ! ಅದೂ ಗಾಯದ ಪಟ್ಟಿ ಸುತ್ತಿ! ಇವನು ಎಲೆಕ್ಟ್ರಿಷಿಯನ್ನೋ ದನದ ಡಾಕ್ಟರೋ? ಇಂಥವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರನ್ನ ಮೊದಲು ಒದೀಬೇಕು!"

ಪಟ್ಟಿ ಕೆಳಗೆ ಬಿದ್ದಿತ್ತು. ಎತ್ತಿಕೊಂಡೆ. ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಇತ್ತು. ಜಾಡಿಯಿರಲಿ ತಂತಿಯಿರಲಿ, ಮುಚ್ಚಿದ್ದರ ಮೇಲೆಲ್ಲ ಬರೆಯುವ ಅಭ್ಯಾಸ ಈ ಮನೆಯಲ್ಲಿ ಒಬ್ಬಳಿಗೇ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದೆ.

"ಮೆಥೋದಿ ಮಾಡಿದ್ದು. ಮೇ 2013."

ಅವನು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿದ. ಕಿವಿ ಕೆಂಪಾಯಿತು.

"ಟೇಪು ಮುಗಿದಿತ್ತು," ಎಂದ. ಪಟ್ಟಿಯನ್ನು ಮಡಚುತ್ತಾ, "ನೀನು ಆಫೀಸಿಗೆ ಹೋಗಿದ್ದೆ. ರುಮ್ಯಾನಾ ಗಾಯದ ಪಟ್ಟಿ ತಂದುಕೊಟ್ಟಳು. ನಾಳೆ ಬಂದು ಸರಿಯಾಗಿ ಮಾಡ್ತೀನಿ ಅಂದಿದ್ದೆ." ಆಮೇಲೆ ನನ್ನ ಮುಖ ನೋಡಿ, "ನಗು. ನಕ್ಕುಬಿಡು ಮಾರಾಯ, ತಡ್ಕೊಂಡ್ರೆ ಹೊಟ್ಟೆ ಒಡೆಯುತ್ತೆ."

ನಕ್ಕೆ. ಅವನೂ ನಕ್ಕ. ಕೆಂಪು ಪೆನ್ನು ಎಲ್ಲಿದೆ ಎಂದು ಕೇಳಿದ, ತಂದುಕೊಟ್ಟೆ. ಪಟ್ಟಿಯ ಮೇಲೆ ತನ್ನ ಹೆಸರಿನ ಸುತ್ತ ಒಂದು ಸೊನ್ನೆ ಸುತ್ತಿದ. "ಐದು," ಎಂದ.

ಕೊಳೆತದ್ದನ್ನು ಕತ್ತರಿಸಿ, ತಂತಿಗಳನ್ನು ತಿರುಪಿನ ಕನೆಕ್ಟರಿನಲ್ಲಿ ಬೇರೆಬೇರೆಯಾಗಿ ಬಿಗಿದು, ಡಬ್ಬಿ ಮೇಲೇರಿಸಿದ. ಖಾನೆಯಿಂದ ಬಲ್ಬು ತಂದೆ. ಪ್ಲಗ್ಗು ಚುಚ್ಚಿದ.

ಹದಿನೈದು ವ್ಯಾಟಿಗೆ ಇಷ್ಟೊಂದು ಬೆಳಕಿರುತ್ತದೆಂದು ಮರೆತೇಹೋಗಿತ್ತು. ಒಳಗಿನ ಸ್ಥಿತಿ ಕಂಡಿತು. ಮೆಥೋದಿಯೂ ನೋಡಿದ. ಪುಣ್ಯಾತ್ಮ, ತಿರುಗಿ ತನ್ನ ಸಾಮಾನು ಕಟ್ಟಿಕೊಂಡ.

ಇಬ್ಬರಿಗೂ ರಾಕಿಯಾ ಬ್ರಾಂದಿ ಸುರಿದೆ. "ರುಮ್ಯಾನಾ ಬರ್ತಾಳಂತಲ್ಲ," ಎಂದ. "ಬರ್ತಾಳೆ, ಹೋಗ್ತಾಳೆ," ಎಂದೆ. ಅವನು ಲೋಟ ನೋಡುತ್ತಾ ಕೂತ. ಕೇಳಿದರೆ ನಾನು ಉತ್ತರಿಸಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು.

ಅವನು ಹೋದ ಮೇಲೆ ಫ್ರಿಜ್ಜು ಪೂರ್ತಿ ಖಾಲಿ ಮಾಡಿ ತೊಳೆದೆ. ಜಾಡಿಗಳನ್ನು ಒರೆಸಿ ತಾರೀಖಿನ ಪ್ರಕಾರ ಜೋಡಿಸಿದೆ. ಅರ್ಧವಾಗಿದ್ದ ಲ್ಯುತೆನಿತ್ಸಾವನ್ನು ಚಿಕ್ಕ ಜಾಡಿಗೆ ಹಾಕಿ ಹೊಸ ಚೀಟಿ ಬರೆದೆ. ತತ್ವಕ್ಕಾಗಿ.

ಏಪ್ರಿಲ್ 13, ಗುರುವಾರ

ಬಸ್ಸು ನಲವತ್ತು ನಿಮಿಷ ತಡ. ಇಳಿದಳು. ಗಿಡ್ಡ ಕೂದಲು ಪರದೆಯಲ್ಲಿ ಕಂಡದ್ದಕ್ಕಿಂತ ಚೆನ್ನಾಗಿದೆ. ಹೇಳಿದೆ. "ತಿಂಗಳಾಯ್ತು ಕತ್ತರಿಸಿ," ಎಂದಳು, ಬಿಗಿಯಾಗಿ. "ಊಟ ಆಯ್ತಾ?" ಎಂದೆ. ನನ್ನನ್ನು ಒಂದು ಕ್ಷಣ ನೋಡಿ, ಚೀಲ ನನ್ನ ಕೈಗೆ ಕೊಟ್ಟಳು.

ಮನೆಗೆ ಬಂದವಳೇ ಇಟಲಿಯಿಂದ ತಂದ ಚೀಸು ಇಡಲು ಫ್ರಿಜ್ಜು ತೆರೆದಳು. ಕೋಟು ಬಿಚ್ಚಿರಲಿಲ್ಲ. ಬೆಳಕು ಅವಳ ಮುಖದ ಮೇಲೆ ಬಿತ್ತು. ಜಾಡಿಗಳ ಸಾಲು ನೋಡಿದಳು. ಬೇಯಿಸಿಟ್ಟ ಬೀನ್ಸ್ ನೋಡಿದಳು. ಬಣ್ಣ ಹಾಕಿದ ಈಸ್ಟರ್ ಮೊಟ್ಟೆಗಳನ್ನು ನೋಡಿದಳು, ಮೂರು ಒಡೆದಿವೆ.

"ಇದನ್ನ ಯಾರು ಮಾಡಿದ್ದು ನಿಂಗೆ?"

"ತಂತಿ ಮೆಥೋದಿ. ಮಿಕ್ಕಿದ್ದು ನಾನು."

ಚಿಕ್ಕ ಜಾಡಿ ಎತ್ತಿ ಚೀಟಿ ಓದಿದಳು. "ಲ್ಯುತಿನಿತ್ಸಾ. 'ತಿ' ಅಂತ ಬರೆದಿದ್ದೀಯಲ್ಲೋ."

"ಕೈತಪ್ಪು," ಎಂದೆ. ಮಾತು ಬದಲಿಸಬೇಕಿತ್ತು. "ವಾಪಸ್ ಟಿಕೆಟ್ ಯಾವತ್ತಿಗೆ?"

"ಯಾವ ವಾಪಸ್ಸು?"

"ಹೋಗ್ತೀನಿ ಅಂದೆಯಲ್ಲ. ಹಾಳೆ ತೋರಿಸಿದಾಗ."

"ಹೋಗಲ್ಲ ಅಂದೆ! ಹೀಗೆ ಅಂದೆ ನಾನು." ತಲೆ ಅಡ್ಡಡ್ಡ ಆಡಿಸಿ ತೋರಿಸಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

"ಅದು ಹೌದು."

"ಇದು ಇಲ್ಲ!"

"ಎಲ್ಲಿ?"

ಒಂದು ಕೈ ತಲೆಗೆ ಹಚ್ಚಿಕೊಂಡಳು. ಇನ್ನೊಂದರಲ್ಲಿ ಜಾಡಿ ಇತ್ತು. "ಅಯ್ಯೋ ದೇವರೇ," ಎಂದಳು. "ಮೂರು ವಾರ. ನಾನಲ್ಲಿ ಇನ್ನೆರಡು ವರ್ಷ ಆಗಲ್ಲ ಅಂತ ಹೇಳಿ, ಬಟ್ಟೆ ಎಲ್ಲ ಕಟ್ಕೊಂಡು ಕೂತಿದ್ದೆ. ಇವನಿಗೆ ನಾನು ಬರೋದೇ ಬೇಕಿಲ್ಲ ಅಂದ್ಕೊಂಡು ಬಸ್ಸಲ್ಲಿ ಪೂರ್ತಿ ಅಳ್ತಾ ಬಂದೆ. ಪಕ್ಕದ ಸೀಟಿನವಳು ಬಿಸ್ಕತ್ತು ಕೊಟ್ಟಳು." ಜಾಡಿ ಕೆಳಗಿಟ್ಟಳು. "ಈಗ ಸರಿಯಾಗಿ ಹೇಳು. ನಾನು ಇಲ್ಲೇ ಇರೋದು ಬೇಕಾ ನಿಂಗೆ?"

ಬರೆದು ತೋರಿಸಲು ಹಾಳೆ ಹತ್ತಿರದಲ್ಲಿರಲಿಲ್ಲ. ತಲೆ ಆಡಿಸಿದೆ, ಅಡ್ಡಡ್ಡ.

"ಯಾವೂರದು ಇದು?"

"ಗಾಬ್ರೊವೊದ್ದು."

ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಭುಜದ ಮೇಲಿಂದ ಇಣುಕಿ, "ಫ್ರಿಜ್ಜಿನ ಬಾಗಿಲು ಹಾಕೋ, ದೀಪ ಸುಮ್ಮನೆ ಉರೀತಿದೆ," ಎಂದಳು.

"ಉರೀಲಿ ಬಿಡು," ಎಂದೆ. ಈ ಊರಿನಲ್ಲಿ ಹುಟ್ಟಿದವನ ಬಾಯಿಂದ ಇಂಥ ಮಾತು ಹಿಂದೆಂದಾದರೂ ಬಂದಿದೆಯೋ ನನಗೆ ತಿಳಿಯದು. ಎರಡು ಸಲ ಓದಿ ನೋಡಿದೆ. ಹಾಗೇ ಇರಲಿ.